ತಪಸ್ಸುಕಾಲಕ್ಕೆ ಮನೆಯ ಪ್ರಾರ್ಥನೆ ಮೇಜು: ಏನಿಡೋದು, ಏನು ಬಿಡೋದು?

ಸದಾಶಿವಗಡದ ಮನೆ | 18 ಫೆಬ್ರವರಿ 2026, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇವತ್ತು ವಿಭೂತಿ ಬುಧವಾರ, ಈಸ್ಟರಿಗೆ ಮೊದಲಿನ ಉಪವಾಸದ ತಪಸ್ಸುಕಾಲ ಶುರುವಾಗುವ ದಿನ. ಹಣೆಯ ಬೂದಿ ಇನ್ನೂ ಹಾಗೇ ಇದೆ, ಇದನ್ನು ಬರೆದು ಮುಗಿಸಿಯೇ ಮಲಗಬೇಕು ಅಂತ ಕೂತಿದ್ದೇನೆ.

ನಮ್ಮ ವಾರ್ಡಿನವರೆಲ್ಲ ಸೇರಿ ಈ ಸಲ ಒಂದು ಮಾತು ಮಾಡಿಕೊಂಡಿದ್ದೇವೆ. ಪ್ರತಿ ಮನೆಯಲ್ಲೂ ಆಲ್ತಾರಿನ, ಅಂದರೆ ದೇವರ ಪೀಠದ, ಕೆಳಗೆ ಒಂದು ಸಣ್ಣ ಮೇಜು ಇಡುವುದು, ಈಸ್ಟರ್ ತನಕ ಸಂಜೆ ಅದರ ಸುತ್ತ ಕೂತು ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಹೇಳುವುದು. ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವಳು ನಾನು. ಮೊದಲು ನನ್ನ ಮನೆಯದು ಚಂದ ಆಗಲಿ ಅಂತ ಹದಿನೈದು ದಿನ ಮೊದಲೇ ಆನ್‌ಲೈನಿನಲ್ಲಿ ಒಂದು ಸೆಟ್ ತರಿಸಿದೆ. ನೇರಳೆ ಸ್ಯಾಟಿನ್ ಬಟ್ಟೆ, ಪ್ಲಾಸ್ಟಿಕ್ಕಿನ ಮುಳ್ಳಿನ ಕಿರೀಟ, ಚಿನ್ನದ ಬಣ್ಣ ಬಳಿದ ಮೂರು ಮೊಳೆ, ಬ್ಯಾಟರಿಯ ಆರು ಮೋಂಬತ್ತಿ. 1,150 ರೂಪಾಯಿ ಆಯ್ತು.

ಎಲ್ಲ ಜೋಡಿಸಿ ಸ್ವಿಚ್ ಹಾಕಿದೆ. ನಮ್ಮ ಅತ್ತೆಗೆ 78 ವರ್ಷ. ಜಗಲಿಯಿಂದ ಒಳಗೆ ಬಂದು ನೋಡಿ, "ಇದು ನಾತಾಳಿಂದಾ?" ಅಂತ ಕೇಳಿದರು. ತಮಾಷೆಗೆ ಕೇಳಿದ್ದಲ್ಲ, ಅವರಿಗೆ ನಿಜವಾಗಿಯೂ ಕ್ರಿಸ್‌ಮಸ್ ಮೇಜಿನ ಹಾಗೆ ಕಂಡಿತು. ಆಮೇಲೆ ನನಗೂ ಹಾಗೇ ಕಾಣತೊಡಗಿತು. ಎಲ್ಲ ತೆಗೆದು ರಟ್ಟಿನ ಪೆಟ್ಟಿಗೆಗೆ ತುಂಬಿದ್ದೇನೆ.

ಈಗ ಮೇಜು ಬರಿದಾಗಿದೆ. ಸಾಗುವಾನಿಯ ಹಳೆ ಸ್ಟೂಲು, ಗೋಡೆ ಮೇಲೆ ಶಿಲುಬೆ, ಅಷ್ಟೇ. ಶಿಲುಬೆಯ ಹಿಂದೆ ವರ್ಷವಿಡೀ ಸಿಕ್ಕಿಸಿಟ್ಟಿದ್ದ ತೆಂಗಿನ ಗರಿಯೂ ಇಲ್ಲ, ಬೂದಿ ಮಾಡಲಿಕ್ಕೆ ಹೋದ ವಾರ ಚರ್ಚಿಗೆ ಕೊಟ್ಟೆವು. ಯೇಸುಸ್ವಾಮಿ 40 ದಿನ ಮರುಭೂಮಿಯಲ್ಲಿ ಇದ್ದದ್ದರ ನೆನಪಿಗೆ ತಟ್ಟೆಯಲ್ಲಿ ಒಂದಿಷ್ಟು ಹೊಯ್ಗೆ ಹಾಕೋಣ ಅಂತಿದ್ದೇನೆ. ಸಮುದ್ರ ಮನೆ ಹತ್ತಿರವೇ. ಮತ್ತೇನು ಇಡಬಹುದು? ನಿಮ್ಮ ಮನೆಗಳಲ್ಲಿ ಏನಿಡ್ತೀರಿ?

ಬೈತಖೋಲ ಬಂದರು | 18 ಫೆಬ್ರವರಿ, ರಾತ್ರಿ 10:15

ಬಾಯಿ, ಹೊಯ್ಗೆ ಬೇಡ. ನಮ್ಮ ಊರಲ್ಲಿ ಹೊಯ್ಗೆ ಅಂದರೆ ಮರುಭೂಮಿ ಅಲ್ಲ, ಅನ್ನ. ದೋಣಿ ಎಳೆಯೋದು ಅದರ ಮೇಲೆ, ಮೀನು ಒಣಗಿಸೋದು ಅದರ ಮೇಲೆ, ನಮ್ಮ ಮಕ್ಕಳು ನಡೆಯೋಕೆ ಕಲಿತದ್ದೂ ಅದರ ಮೇಲೆ. ತಟ್ಟೆಯಲ್ಲಿ ಹೊಯ್ಗೆ ನೋಡಿದರೆ ನನ್ನ ಮಗನಿಗೆ ಆಡೋಕೆ ಹೋಗಬೇಕು ಅನಿಸುತ್ತೆ, ಉಪವಾಸ ಮಾಡಬೇಕು ಅಂತ ಅನಿಸೋದಿಲ್ಲ.

ನಮ್ಮ ಮರುಭೂಮಿ ನೀರೇ. ರಾತ್ರಿಯಿಡೀ ಇದ್ದು ಬೆಳಿಗ್ಗೆ ಬರಿ ಬಲೆ ಎಳೆದುಕೊಂಡು ಬರ್ತೀವಲ್ಲ, ಡೀಸೆಲ್ ದುಡ್ಡೂ ಹುಟ್ಟದೆ, ಅದು. ಪೇತ್ರ ಅದನ್ನೇ ಹೇಳಿದ್ದು, ರಾತ್ರಿಯೆಲ್ಲ ದುಡಿದರೂ ಏನೂ ಸಿಕ್ಕಲಿಲ್ಲ ಅಂತ. ಲೂಕನ ಶುಭಸಂದೇಶದ 5ನೇ ಅಧ್ಯಾಯ. ನಮ್ಮ ಮನೆ ಮೇಜಿನ ಮೇಲೆ ಒಂದು ಮೊಳ ಹಳೇ ಬಲೆ ಇಟ್ಟಿದ್ದೇನೆ, ಒಣಗಿದ್ದು, ಖಾಲಿ. ಬೇಕಾದರೆ ನಿಮಗೂ ತಂದುಕೊಡ್ತೇನೆ.

ಅಘನಾಶಿನಿ ದಂಡೆ | 19 ಫೆಬ್ರವರಿ, ಬೆಳಿಗ್ಗೆ 6:20

ಬೈತಖೋಲದ ಅಣ್ಣ ಹೇಳಿದ್ದು ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ನಾನು ಕುಮಟಾ ಕಡೆಯ ಸಿಸ್ಟರ್. ಮೂವತ್ತು ವರ್ಷದಿಂದ ಚರ್ಚಿನ ಪೀಠ ಸಿಂಗರಿಸುವ ಕೆಲಸ ಮಾಡಿದ್ದೇನೆ, ತಪಸ್ಸುಕಾಲಕ್ಕೆ ತಟ್ಟೆಯಲ್ಲಿ ಹೊಯ್ಗೆ ನಾನೂ ಇಟ್ಟಿದ್ದೇನೆ. ಇನ್ನು ಇಡುವುದಿಲ್ಲ.

ಮೊದಲು ಪೂಜಾವಿಧಿಯಲ್ಲಿ ಇರುವುದನ್ನು ಹೇಳಿಬಿಡ್ತೇನೆ. ತಪಸ್ಸುಕಾಲದಲ್ಲಿ ಚರ್ಚಿನ ಪೀಠಕ್ಕೆ ಹೂವಿಲ್ಲ. ನಾಲ್ಕನೇ ಭಾನುವಾರ ಮಾತ್ರ ಹೂವಿಡಬಹುದು, ಆ ದಿನ ಗುರುಗಳು ಗುಲಾಬಿ ಬಣ್ಣದ ಉಡುಪು ಹಾಕಬಹುದು. ಈ ಸಲ ಅದು ಮಾರ್ಚ್ 15. ದೊಡ್ಡ ಹಬ್ಬಗಳಿಗೂ ಅಡ್ಡಿಯಿಲ್ಲ, 19ಕ್ಕೆ ಸಂತ ಜೋಸೆಫರದ್ದು, 25ಕ್ಕೆ ಮಂಗಳವಾರ್ತೆ, ದೇವದೂತ ಮರಿಯಮ್ಮನವರಿಗೆ ಸುದ್ದಿ ತಂದ ದಿನ. ಉಳಿದ ದಿನ ನೇರಳೆ. ಗರಿಗಳ ಭಾನುವಾರ ಮತ್ತು ಶುಭ ಶುಕ್ರವಾರ ಕೆಂಪು, ಪವಿತ್ರ ಗುರುವಾರದ ಸಂಜೆ ಬಿಳಿ. ಇದು ಚರ್ಚಿನ ನಿಯಮ, ಮನೆಗೆ ಕಡ್ಡಾಯವಲ್ಲ. ಆದರೆ ಚರ್ಚೂ ಮನೆಯೂ ಒಂದೇ ಬಣ್ಣದಲ್ಲಿ ಇದ್ದರೆ ಮಕ್ಕಳಿಗೆ ಹೇಳದೆಯೇ ಅರ್ಥ ಆಗುತ್ತದೆ.

ಎರಡನೆಯದು ನನ್ನ ಅನಿಸಿಕೆ. ಈ ಮೇಜನ್ನು ತುಂಬಬೇಡಿ. ಕ್ರಿಸ್‌ಮಸ್ಸಿಗೆ ದಿನಕ್ಕೊಂದು ಸೇರಿಸುತ್ತಾ ಹೋಗ್ತೇವೆ, ಗೋದಲಿಗೆ ಕುರಿ, ಕುರುಬರು, ಕೊನೆಗೆ ಬಾಲಯೇಸು. ಈ ಕಾಲದಲ್ಲಿ ತೆಗೆಯುತ್ತಾ ಹೋಗಬೇಕು. ಹಳೇ ಕಾಲದಲ್ಲಿ ಪವಿತ್ರ ವಾರದ ಕತ್ತಲೆಯ ಪ್ರಾರ್ಥನೆಗೆ 15 ಮೋಂಬತ್ತಿ ಹಚ್ಚಿ, ಒಂದೊಂದು ಕೀರ್ತನೆ ಮುಗಿದ ಹಾಗೆ ಒಂದೊಂದನ್ನು ಆರಿಸುತ್ತಿದ್ದರು. ಕೊನೆಯದನ್ನು ಮಾತ್ರ ಆರಿಸುತ್ತಿರಲಿಲ್ಲ, ಉರಿಯುತ್ತಿದ್ದ ಹಾಗೇ ಪೀಠದ ಹಿಂದೆ ಮರೆಮಾಡುತ್ತಿದ್ದರು. ಮನೆಯಲ್ಲಿ ಆರು ಮೋಂಬತ್ತಿ ಸಾಕು, ಭಾನುವಾರಕ್ಕೆ ಒಂದರಂತೆ ಕಡಿಮೆ ಮಾಡಿ. ಬ್ಯಾಟರಿಯದು ಬೇಡ ತಂಗಿ. ಕರಗದೆ ಇರುವ ಮೋಂಬತ್ತಿ ಈ ಕಾಲದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮತ್ತೆ, ಮೇಜಿನ ಮೇಲೆ ಉಪ್ಪು ಇಡಿ. ಸಾಣಿಕಟ್ಟಾದ್ದು. ಗೋಕರ್ಣದ ಹತ್ತಿರ ಈಗ ಆಗರದಲ್ಲಿ ಉಪ್ಪು ಎಳೆಯುವ ಕಾಲ. ಅಂಗಡಿಯ ಪ್ಯಾಕೆಟ್ ಪುಡಿಯಲ್ಲ, ಮಣ್ಣಿನ ಬಣ್ಣದ ಹರಳುಪ್ಪು. ಒಂದು ಕರಟದಲ್ಲಿ ಹಾಕಿಡಿ. "ನೀವು ಭೂಮಿಗೆ ಉಪ್ಪಾಗಿದ್ದೀರಿ" ಎಂಬ ಮಾತಿಗೆ ನಮ್ಮ ಜಿಲ್ಲೆಯವರಷ್ಟು ಹತ್ತಿರದವರು ಯಾರಿದ್ದಾರೆ? 1930ರಲ್ಲಿ ಅಂಕೋಲೆಯ ಜನ ಉಪ್ಪಿಗಾಗಿ ಜೈಲಿಗೆ ಹೋದವರು.

ದಾಂಡೇಲಿ ಸಭೆ | 19 ಫೆಬ್ರವರಿ, ಮಧ್ಯಾಹ್ನ 1:05

ನಾನು ಪ್ರೊಟೆಸ್ಟೆಂಟ್ ಸಭೆಯವನು. ಅಜ್ಜನ ಕಡೆಯವರು ಬಾಸೆಲ್ ಮಿಷನ್ನಿನ ಕಾಲದಿಂದ ಇದ್ದವರು. ನಾವು ಇದಕ್ಕೆ ಶ್ರಮೆಯ ಕಾಲ ಅಂತೀವಿ. ನಮ್ಮ ಮನೆಯಲ್ಲಿ ಮೇಜು ಸಿಂಗರಿಸುವ ಪದ್ಧತಿ ಇಲ್ಲ. ಬೈಬಲ್, ಒಂದು ದೀಪ, ಪ್ರಾರ್ಥನೆ. ಗೋಡೆ ಮೇಲೆ ಬರಿ ಶಿಲುಬೆ, ಪ್ರತಿಮೆ ಇಲ್ಲದ್ದು.

ಒಬ್ಬರ ಮೇಲೂ ಬೇಸರದಿಂದ ಹೇಳುತ್ತಿಲ್ಲ, ಆದರೆ ನನ್ನ ಮನಸ್ಸಿನಲ್ಲಿ ಒಂದು ಭಯ ಇದೆ. ಮತ್ತಾಯನ 6ನೇ ಅಧ್ಯಾಯ ಓದಿ. ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿಕೋ, ಮುಖ ತೊಳೆದುಕೋ, ಜನರಿಗೆ ಕಾಣದಿರಲಿ ಅಂತ ಕರ್ತನು ಹೇಳಿದ್ದಾನೆ. ವಿಭೂತಿ ಬುಧವಾರದ ಪೂಜೆಯಲ್ಲಿ ನಿಮ್ಮಲ್ಲೂ ಅದನ್ನೇ ಓದುತ್ತಾರೆ ಅಂತ ಗೆಳೆಯರು ಹೇಳ್ತಾರೆ. ಇವತ್ತು ಮೇಜು ಇಟ್ಟ ಮರುಕ್ಷಣ ಫೋಟೋ ಸ್ಟೇಟಸ್ಸಿಗೆ ಹೋಗುತ್ತದೆ. ಯಾರ ಮನೆಯದು ಚಂದ ಅಂತ ಶುರುವಾಗುತ್ತದೆ. ಅಲ್ಲಿಗೆ ಮೇಜು ಇದ್ದೂ ಉಪವಾಸ ಹೋಯ್ತು.

ಸದಾಶಿವಗಡದ ಮನೆ | 19 ಫೆಬ್ರವರಿ, ರಾತ್ರಿ 8:50

ದಾಂಡೇಲಿಯ ಅಣ್ಣ, ನೀವು ಹೇಳಿದ್ದು ನನಗೆ ಸರಿಯಾಗಿ ತಾಗಿತು. ಸೆಟ್ ಬಂದ ದಿನ ನಾನು ಮಾಡಿದ ಮೊದಲ ಕೆಲಸ ಫೋಟೋ ತೆಗೆದದ್ದೇ. ವಾರ್ಡಿನ ಗುಂಪಿನಲ್ಲಿ ಇವತ್ತು ಮಾತಾಡಿದೆ, ಯಾರೂ ಮೇಜಿನ ಫೋಟೋ ಹಾಕುವುದು ಬೇಡ ಅಂತ ಒಪ್ಪಿದ್ದೇವೆ. ಇಲ್ಲಿಯೂ ಹಾಕುವುದಿಲ್ಲ. ಮಾತಿನಲ್ಲೇ ಹೇಳ್ತೇನೆ.

ಬಲೆ ಕೊಡ್ತೇನೆ ಅಂದದ್ದಕ್ಕೆ ದೇವ್ ಬರೇಂ ಕರುಂ. ಖಂಡಿತ ಬೇಕು. ಮುಳ್ಳಿಗೆ ಏನು ಮಾಡಲಿ?

ಅಂಕೋಲೆ ಪೇಟೆ | 19 ಫೆಬ್ರವರಿ, ರಾತ್ರಿ 9:30

ಮುಳ್ಳಿಗೆ ಆನ್‌ಲೈನ್ ಎಂತಕ್ಕೆ ಅಕ್ಕಾ? ಬೇಲಿಗೆ ಹೋಗಿ ಪರಗಿ ಬಳ್ಳಿ ಕೊಯ್ಯಿರಿ, ಇಲ್ಲ ಬೋರೆ ಟೊಂಗೆ. ಹುಷಾರು, ಪರಗಿ ಮುಳ್ಳು ಕೊಕ್ಕೆ ಹಾಗೆ, ಸೀರೆ ಹಿಡಿದರೆ ಬಿಡೋದಿಲ್ಲ. ಜೆರುಸಲೇಮಿನ ಕಡೆ ಕ್ರಿಸ್ತನ ಮುಳ್ಳು ಅಂತಲೇ ಕರೆಯುವ ಒಂದು ಮರ ಇದೆ, ಅದೂ ನಮ್ಮ ಬೋರೆಯ ಜಾತಿಯದೇ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವಾಗ ಕಲಿತದ್ದು. ಶಾಲೆ ಬಿಟ್ಟು ಬರುವಾಗ ನಾವು ಬೋರೆ ಹಣ್ಣು ಹೆಕ್ಕುತ್ತಾ ಕೈ ಗೀರಿಸಿಕೊಂಡದ್ದು ಎಷ್ಟು ಸಲವೋ. ಹಣ್ಣೂ ಮುಳ್ಳೂ ಒಂದೇ ಟೊಂಗೆಯಲ್ಲಿ.

ಕಿರೀಟ ಕಟ್ಟಬೇಡಿ, ಸುಮ್ಮನೆ ಒಂದು ಟೊಂಗೆ ಇಟ್ಟರೆ ಸಾಕು ಅಂತ ನನಗನಿಸುತ್ತೆ.

ಹಳಿಯಾಳದ ಕೌದಿ | 21 ಫೆಬ್ರವರಿ, ಮಧ್ಯಾಹ್ನ 3:10

ನಾವು ಸಿದ್ದಿಗಳು, ಕ್ರೈಸ್ತರು. ಸ್ಯಾಟಿನ್ ಬಟ್ಟೆ ಬಗ್ಗೆ ಒಂದು ಮಾತು ಹೇಳಬೇಕು ಅನಿಸಿತು. ಹೊಸ ಬಟ್ಟೆ ಯಾಕೆ? ಮನೆಯಲ್ಲಿ ಹಳೆ ಸೀರೆ ಇರೋದಿಲ್ವಾ? ನಮ್ಮಲ್ಲಿ ಹಳೆ ಬಟ್ಟೆ ತುಂಡು ಕೂಡಿಸಿ ಕೌದಿ ಹೊಲಿತೀವಿ. ನಮ್ಮ ಕ್ರೈಸ್ತ ಹೆಂಗಸರು ಹೊಲಿಯುವಾಗ ನಡುವೆ ಸಣ್ಣ ಶಿಲುಬೆ ಕೂಡಿಸೋದು ಇದೆ. ಕೊನೆಗೆ ನಾಲ್ಕು ಮೂಲೆಗೂ ತುಂಡು ಬಟ್ಟೆ ಮಡಚಿ ಹೂ ಕೂರಿಸ್ತೀವಿ. ಮೂಲೆಗೆ ಹೂ ಕೂರದಿದ್ದರೆ ಕೌದಿ ಮುಗಿದ ಹಾಗಲ್ಲ.

ನಾನು ಮೂರು ವರ್ಷದ ಹಿಂದೆ ಮೇಜಿಗೆ ಅಂತ ಒಂದು ಸಣ್ಣ ಕೌದಿ ಹೊಲಿದೆ. ಅವ್ವನ ನೇರಳೆ ಸೀರೆ, ಗಂಡನ ಹರಿದ ಅಂಗಿ, ಮಗಳ ಶಾಲೆ ಸಮವಸ್ತ್ರ. ಮೂಲೆಗೆ ಹೂ ಕೂರಿಸದೆ ಹಾಗೇ ಬಿಡ್ತೀನಿ. ಪಾಸ್ಖದ, ಅಂದರೆ ಈಸ್ಟರಿನ, ರಾತ್ರಿ ಕೂತು ನಾಲ್ಕೂ ಹೂ ಹೊಲಿದು ಹಾಸ್ತೀನಿ. ಮರುವರ್ಷ ಬೂದಿ ಬುಧವಾರ ಮತ್ತೆ ಬಿಚ್ತೀನಿ.

ಅಘನಾಶಿನಿ ದಂಡೆ | 21 ಫೆಬ್ರವರಿ, ಸಂಜೆ 7:00

ಹಳಿಯಾಳದ ತಂಗಿ, ಬಿಚ್ಚುವುದನ್ನೂ ಬರೆದಿರಲ್ಲ, ಅದು ನನಗೆ ಬಹಳ ಹಿಡಿಸಿತು.

ಹೊನ್ನಾವರದವ, ಈಗ ದುಬೈ | 22 ಫೆಬ್ರವರಿ, ರಾತ್ರಿ 11:45

ಎಂಟು ಜನ ಇರುವ ರೂಮು. ಮೇಜೂ ಇಲ್ಲ, ಗೋಡೆಯೂ ನನ್ನದಲ್ಲ. ಮೇಲಿನ ಬಂಕು ಮಾತ್ರ ನನ್ನದು. ಪಕ್ಕದ ಬಂಕಿನವನು ಭಟ್ಕಳದವ, ಈ ಸಲ ರಮ್ಜಾನ್ ಉಪವಾಸವೂ ಹೆಚ್ಚುಕಡಿಮೆ ಇದೇ ದಿನ ಶುರುವಾಯಿತು, ಸಂಜೆ ಉಪವಾಸ ಬಿಡುವಾಗ ನನಗೂ ಖರ್ಜೂರ ಕೊಡ್ತಾನೆ. ನಾನು ಏನಿಡಬಹುದು ಸಿಸ್ಟರ್?

ಅಘನಾಶಿನಿ ದಂಡೆ | 23 ಫೆಬ್ರವರಿ, ಬೆಳಿಗ್ಗೆ 6:05

ಆ ಖರ್ಜೂರದ ಬೀಜಗಳನ್ನು ಎಸೆಯಬೇಡ ಮಗಾ. ದಿನಕ್ಕೊಂದು ತೊಳೆದು ತಲೆದಿಂಬಿನ ಹತ್ತಿರ ಒಂದು ಡಬ್ಬಿಯಲ್ಲಿ ಹಾಕು. ಜನ ಗರಿ ಹಿಡಿದು ಯೇಸುಸ್ವಾಮಿಯನ್ನು ಜೆರುಸಲೇಮಿಗೆ ಕರೆತಂದರು ಅಂತ ಯೊವಾನ್ನರು ಬರೆದಿದ್ದಾರಲ್ಲ, ಅದು ಖರ್ಜೂರದ ಗರಿ. ಇಲ್ಲಿ ನಮಗೆ ತೆಂಗಿನದು. ಭಾನುವಾರಗಳನ್ನು ಬಿಟ್ಟು ಎಣಿಸಿದರೆ ಒಟ್ಟು 40 ದಿನ. ಈಗಾಗಲೇ ನಾಲ್ಕು ಕಳೆದಿವೆ, ಉಳಿದದ್ದಕ್ಕೆ ಸಾಕು. ನಿನ್ನ ಗೆಳೆಯನಿಗೂ ನನ್ನ ಆಶೀರ್ವಾದ ಹೇಳು.

ಶಿರಸಿ ಜೇನು | 27 ಫೆಬ್ರವರಿ, ಸಂಜೆ 5:30

ನಾನು ನಿಮ್ಮ ಧರ್ಮದವನಲ್ಲ, ಹವ್ಯಕರ ಮನೆಯವ. ಅಡಿಕೆ ತೋಟದಲ್ಲಿ ತುಡುವೆ ಜೇನಿನ 22 ಪೆಟ್ಟಿಗೆ ಇಟ್ಟಿದ್ದೇನೆ. ಮೋಂಬತ್ತಿಯ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಪೇಟೆಯಲ್ಲಿ ಸಿಗುವ ಬಿಳಿ ಮೋಂಬತ್ತಿ ಪ್ಯಾರಾಫಿನ್, ಪೆಟ್ರೋಲಿಯಂ ಎಣ್ಣೆಯಿಂದ ಬಂದದ್ದು. ಜೇನುಮೇಣದ ಮೋಂಬತ್ತಿ ಮನೆಯಲ್ಲೇ ಆಗ್ತದೆ.

ಹಳೆ ಎರಿಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬಿಸಿನೀರಿಗೆ ಬಿಡಿ. ಮೇಣ ಸುಮಾರು 62ರಿಂದ 64 ಡಿಗ್ರಿಗೆ ಕರಗುತ್ತದೆ, ನೀರು ಕುದಿಯಬಾರದು, ಕುದಿಸಿದರೆ ಬಣ್ಣ ಕಪ್ಪಾಗುತ್ತದೆ. ಗಂಟನ್ನು ಕೋಲಿನಿಂದ ಒತ್ತಿ ಹಿಡಿದರೆ ಮೇಣ ಸೋಸಿ ಮೇಲೆ ತೇಲುತ್ತದೆ, ಕಸ ಗಂಟಿನಲ್ಲೇ ಉಳಿಯುತ್ತದೆ. ರಾತ್ರಿ ತಣ್ಣಗಾಗಲು ಬಿಟ್ಟರೆ ಬೆಳಿಗ್ಗೆ ಪಾತ್ರೆಯ ಮೇಲೆ ಹಳದಿ ರೊಟ್ಟಿ ಕಟ್ಟಿರುತ್ತದೆ. ಅದನ್ನು ಮತ್ತೆ ಕರಗಿಸಿ, ಹತ್ತಿಯ ದಪ್ಪ ಬತ್ತಿಯನ್ನು ಅದ್ದುವುದು, ತೆಗೆಯುವುದು, ಆರಿಸುವುದು. ಮೂವತ್ತು ಸಲ ಅದ್ದಿದರೆ ಕಿರುಬೆರಳಿನ ಗಾತ್ರ. ಅವಸರ ಮಾಡಿದರೆ ಮೊದಲು ಹಿಡಿದ ಮೇಣವೂ ಕರಗಿ ಹೋಗ್ತದೆ.

ಮೇಣ ಸಿಗೋದು ಸ್ವಲ್ಪವೇ. 1991-92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ರೋಗ ಬಂದು ಇಡೀ ಸೀಮೆಯ ತುಡುವೆ ಕುಟುಂಬಗಳು ಸತ್ತವು. ನನ್ನ ಅಪ್ಪ ಖಾಲಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಅಟ್ಟಕ್ಕೆ ಪೇರಿಸಿಟ್ಟದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕೇ ಮೇಣ ನಾನು ಮಾರುವುದಿಲ್ಲ. ಸದಾಶಿವಗಡದ ಅಕ್ಕನಿಗೆ ಬೇಕಾದರೆ ಕಾಲು ಕಿಲೋ ಬಸ್ಸಿಗೆ ಹಾಕಿ ಕಳಿಸ್ತೇನೆ.

ಅಘನಾಶಿನಿ ದಂಡೆ | 27 ಫೆಬ್ರವರಿ, ರಾತ್ರಿ 8:15

ಅಣ್ಣ, ನಿಮಗೆ ಒಂದು ವಿಷಯ ಹೇಳಲೇಬೇಕು. ಈಸ್ಟರಿನ ಹಿಂದಿನ ರಾತ್ರಿ ಚರ್ಚಿನ ದೀಪಗಳನ್ನೆಲ್ಲ ಆರಿಸಿ, ಹೊರಗೆ ಹೊಸ ಬೆಂಕಿ ಮಾಡಿ, ಅದರಿಂದ ಪಾಸ್ಖದ ದೊಡ್ಡ ಮೋಂಬತ್ತಿ ಹಚ್ಚುತ್ತೇವೆ. ಆಗ ಹಾಡುವ ಪುರಾತನ ಸ್ತುತಿಗೀತೆಯಲ್ಲಿ ಜೇನುಹುಳುಗಳ ಹೆಸರು ಬರುತ್ತದೆ. ಈ ಮೋಂಬತ್ತಿ ಅವುಗಳ ದುಡಿಮೆ ಅಂತ ದೇವರ ಮುಂದೆ ಹೇಳುತ್ತೇವೆ. ಇಂಗ್ಲಿಷ್ ಅನುವಾದದಲ್ಲಿ ನಡುವೆ ಕೆಲವು ದಶಕ ಆ ಮಾತು ಬಿಟ್ಟುಹೋಗಿತ್ತು, 2011ರಲ್ಲಿ ಮತ್ತೆ ಸೇರಿಸಿದರು. ಆ ರಾತ್ರಿ ಅದನ್ನು ಹಾಡುವಾಗ ನಿಮ್ಮ 22 ಪೆಟ್ಟಿಗೆ ನನ್ನ ಮನಸ್ಸಿನಲ್ಲಿ ಇರುತ್ತವೆ.

ಶಿರಸಿ ಜೇನು | 27 ಫೆಬ್ರವರಿ, ರಾತ್ರಿ 8:40

ಇದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದೆ. ಕಾಲು ಕಿಲೋ ಅಲ್ಲ, ಅರ್ಧ ಕಿಲೋ ಕಳಿಸು ಅಂದರು.

ಸದಾಶಿವಗಡದ ಮನೆ | 8 ಮಾರ್ಚ್, ರಾತ್ರಿ 9:10

ಮೂರನೇ ಭಾನುವಾರ. ಮೇಜಿನ ಮೇಲೆ ಈಗ ಇರುವುದು ಅತ್ತೆಯ ನೇರಳೆ ಕಾಟನ್ ಸೀರೆಯ ಅರ್ಧ, ಒಂದು ಮೊಳ ಬಲೆ, ಪರಗಿ ಟೊಂಗೆ, ಉಪ್ಪಿನ ಕರಟ, ಮೇಣದ ಮೋಂಬತ್ತಿ. ಆರರಲ್ಲಿ ನಾಲ್ಕು ಉರಿಯುತ್ತಿವೆ. ಬಲೆಗೆ ಇನ್ನೂ ಮೀನಿನ ವಾಸನೆ ಇದೆ, ಮೊದಲ ದಿನ ಬೆಕ್ಕು ಮೇಜಿನ ಕೆಳಗೇ ಮಲಗಿತ್ತು.

ಉಪ್ಪಿನದ್ದು ಹೇಳಬೇಕು. ನಮ್ಮ ಕಡೆಯ ಸೆಕೆ ನಿಮಗೆಲ್ಲ ಗೊತ್ತಲ್ಲ. ನಾಲ್ಕೇ ದಿನಕ್ಕೆ ಹರಳುಪ್ಪು ಬೆವರಿತು. ಕರಟದ ತಳದಲ್ಲಿ ನೀರು ನಿಂತು, ಅಂಚಿನಿಂದ ಒಂದು ಹನಿ ಸೀರೆ ಮೇಲೆ ಇಳಿದು ಬಿಳಿ ಕಲೆ ಆಯಿತು. ಒರೆಸೋಕೆ ಹೋದೆ. ಮಗಳು ಆರು ವರ್ಷದವಳು, ಕೈ ಹಿಡಿದುಕೊಂಡು, "ಬೇಡ ಅಮ್ಮಾ, ಉಪ್ಪು ಅಳ್ತಾ ಇದೆ" ಅಂದಳು. ಆ ದಿನ ತೇರ್ಸನ್ನು ನಾವು ಎಂದಿನಂತೆ ಗಡಿಬಿಡಿಯಲ್ಲಿ ಹೇಳಲಿಲ್ಲ. ಕಲೆ ಹಾಗೇ ಬಿಟ್ಟಿದ್ದೇನೆ.

ಬೈತಖೋಲದ ಅಣ್ಣನಿಗೆ ಒಂದು ಪ್ರಶ್ನೆ. ಶುಕ್ರವಾರ ನಿಮ್ಮಲ್ಲಿ ಮೀನು ತಿಂತೀರಾ?

ಬೈತಖೋಲ ಬಂದರು | 9 ಮಾರ್ಚ್, ಮಧ್ಯಾಹ್ನ 2:20

ಚರ್ಚಿನ ನಿಯಮದಲ್ಲಿ ಬಿಡಬೇಕಾದ್ದು ಮಾಂಸ, ಮೀನಲ್ಲ. ಆದರೆ ಶುಕ್ರವಾರ ಮಾಂಸ ಬಿಟ್ಟೆ ಅಂತ ಹೇಳಿ ಇಸ್ವಾಣ ಮೀನಿನ ಫ್ರೈ ತಿಂದರೆ ಕಾರವಾರದವನು ಏನು ಬಿಟ್ಟ ಹಾಗಾಯಿತು? ಅಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ತಪಸ್ಸುಕಾಲದ ಶುಕ್ರವಾರ ಮೀನಿಲ್ಲ. ಗಂಜಿ, ಮಿಡಿ ಉಪ್ಪಿನಕಾಯಿ. ಮೀನಿನ ದುಡ್ಡು ಮೇಜಿನ ಮೇಲಿನ ಹುಂಡಿಗೆ. ದುಡ್ಡು ಹಾಕುವಾಗ ಸದ್ದು ಕೇಳಬೇಕು ಅಂತ ಅಪ್ಪ ಹಿತ್ತಾಳೆ ಚೊಂಬು ಇಟ್ಟಿದ್ದ, ಅದೇ ಚೊಂಬು ಈಗಲೂ.

ಸಿಸ್ಟರ್, ಒಂದು ಕೇಳಬೇಕಿತ್ತು. ಮೀನಿನ ಚಿತ್ರ ಕ್ರೈಸ್ತರ ಗುರುತು ಹೇಗಾಯಿತು? ಪೇತ್ರ ಮೀನುಗಾರ ಅಂತಲಾ?

ಅಘನಾಶಿನಿ ದಂಡೆ | 9 ಮಾರ್ಚ್, ರಾತ್ರಿ 8:30

ಅಷ್ಟೇ ಅಲ್ಲ. ಗ್ರೀಕ್ ಭಾಷೆಯಲ್ಲಿ ಮೀನಿಗೆ ಇಖ್ತಿಸ್ ಅಂತಾರೆ. ಆ ಪದದ ಐದು ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿದರೆ ಯೇಸು, ಕ್ರಿಸ್ತ, ದೇವರ, ಪುತ್ರ, ರಕ್ಷಕ ಎಂಬ ಐದು ಪದಗಳ ಮೊದಲಕ್ಷರ ಆಗುತ್ತವೆ. ರೋಮಿನ ನೆಲದಡಿಯ ಸಮಾಧಿಗಳ ಗೋಡೆಗಳ ಮೇಲೆ ಮೀನು ಬರೆದಿದ್ದಾರೆ. ಶಿಲುಬೆಯ ಚಿತ್ರ ಬಳಕೆಗೆ ಬಂದದ್ದು ಅದಕ್ಕಿಂತ ತಡವಾಗಿ.

ನಿಮಗೆ ಓದಲು ಇನ್ನೊಂದು ಕೊಡ್ತೇನೆ. ಯೊವಾನ್ನ 21. ಈಸ್ಟರ್ ಆದ ಮೇಲೆ ಓದಿ, ಈಗ ಬೇಡ.

ಅಂಕೋಲೆ ಪೇಟೆ | 14 ಮಾರ್ಚ್, ಬೆಳಿಗ್ಗೆ 10:00

ನಾಳೆ ನಾಲ್ಕನೇ ಭಾನುವಾರ, ಹೂ ಇಡಬಹುದು ಅಂದಿರಲ್ಲ ಸಿಸ್ಟರ್. ಪೇಟೆಯಲ್ಲಿ ಸುರಗಿ ಬಂದಿದೆ. ಅಕ್ಕಾ, ಒಂದು ದಂಡೆ ತಂದು ಇಡಿ. ಸಂಜೆಗೆ ತೆಗೆದು ಎಸೆಯಬೇಡಿ, ಕಾಗದದಲ್ಲಿ ಸುತ್ತಿ ಮೇಜಿನ ಕೆಳಗಿಡಿ. ಮಲ್ಲಿಗೆ ಬಾಡಿದರೆ ಮುಗಿಯಿತು. ಸುರಗಿ ಒಣಗಿ ಕಂದು ಬಣ್ಣಕ್ಕೆ ಬಂದರೂ ಪರಿಮಳ ಹೋಗೋದಿಲ್ಲ. ನಮ್ಮಜ್ಜಿ ಪೆಟ್ಟಿಗೆಯಲ್ಲಿ ಸೀರೆ ನಡುವೆ ಇಡ್ತಿದ್ದಳು. ಸಮಾಧಿಗೆ ಪರಿಮಳದ್ರವ್ಯ ತಗೊಂಡು ಹೋದ ಹೆಂಗಸರ ಕಥೆ ಕೇಳಿದಾಗೆಲ್ಲ ನನಗೆ ಆ ಪೆಟ್ಟಿಗೆ ವಾಸನೆ ನೆನಪಾಗ್ತದೆ.

ಬೆಂಡಿನ ಮನೆ | 16 ಮಾರ್ಚ್, ರಾತ್ರಿ 9:55

ಶಿರಸಿಯ ಗುಡಿಗಾರರು ನಾವು. ಈ ಸಲ ಮಾರಿಕಾಂಬೆ ಜಾತ್ರೆಯ ವರ್ಷ, ಕೈತುಂಬ ಕೆಲಸವಿತ್ತು, ಈಗ ಬಿಡುವಾಯಿತು. ಬಾಸಿಂಗ ಮಾಡಿ ಉಳಿದ ಬೆಂಡು ಇದೆ. ಈಸ್ಟರಿಗೆ ಬಿಳಿ ಕುರಿಮರಿ ಇಡ್ತಾರೆ ಅಂತ ಗಿರಾಕಿಯೊಬ್ಬರು ಹೇಳಿದ್ದರು. ಅದು ಮಲಗಿರಬೇಕೋ, ನಿಂತಿರಬೇಕೋ?

ಅಘನಾಶಿನಿ ದಂಡೆ | 17 ಮಾರ್ಚ್, ಬೆಳಿಗ್ಗೆ 6:15

ನಿಂತಿರಲಿ ಅಣ್ಣ. ಬಲಿಯಾಗಿದ್ದರೂ ಎದ್ದು ನಿಂತ ಕುರಿಮರಿ ಅದು. ಮುಂಗಾಲಿಗೆ ಆನಿಸಿದ ಹಾಗೆ ಒಂದು ಸಣ್ಣ ಬಾವುಟ, ಬಿಳಿ ಬಟ್ಟೆಯ ಮೇಲೆ ಕೆಂಪು ಶಿಲುಬೆ. ಬೆಂಡಿಗೆ ಬಣ್ಣ ಹಚ್ಚಬೇಡಿ, ಅದರ ಬಿಳುಪೇ ಸಾಕು.

ಕೈಗಾ ಕಾಲನಿ | 20 ಮಾರ್ಚ್, ರಾತ್ರಿ 10:20

ನನ್ನ ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ, ನಾನು ಕೇರಳದ ಕೋಟ್ಟಯಂನವಳು. ಸಿರೋ ಮಲಬಾರ್ ಸಭೆ. ನಮ್ಮಲ್ಲಿ ವಿಭೂತಿ ಬುಧವಾರದ ಮುಂಚಿನ ಸೋಮವಾರವೇ ನೋಂಬು, ಅಂದರೆ ಉಪವಾಸ, ಶುರು, ಐವತ್ತು ನೋಂಬು ಅಂತೀವಿ.

ನಮ್ಮ ಮನೆಯ ಮೇಜು ಅಂದರೆ ಪವಿತ್ರ ಗುರುವಾರದ ರಾತ್ರಿಯದು. ಹುಳಿ ಬರಿಸದ ಅಪ್ಪ ಮಾಡ್ತೀವಿ, ಇಂಡ್ರಿ ಅಪ್ಪಂ. ಅಕ್ಕಿ ಹಿಟ್ಟು, ರುಬ್ಬಿದ ಉದ್ದು, ತೆಂಗಿನಕಾಯಿ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ. ಯೀಸ್ಟ್ ಇಲ್ಲ, ಸೇಂದಿ ಇಲ್ಲ. ಹಬೆಯಲ್ಲಿ ಬೇಯಿಸುವ ಮುಂಚೆ ಗರಿಗಳ ಭಾನುವಾರ ತಂದ ಎಳೆ ಗರಿಯಿಂದ ಶಿಲುಬೆ ಮಾಡಿ ಹಿಟ್ಟಿನ ಮೇಲೆ ಇಡ್ತೀವಿ. ಜೊತೆಗೆ ಬೆಲ್ಲ ಹಾಕಿದ ತೆಂಗಿನ ಹಾಲು. ಪ್ರಾರ್ಥನೆ ಆದ ಮೇಲೆ ಮನೆಯ ಯಜಮಾನ ಅಪ್ಪ ಮುರಿದು, ಹಿರಿಯರಿಂದ ಕಿರಿಯರ ತನಕ ಎಲ್ಲರ ಕೈಗೂ ಕೊಡ್ತಾರೆ.

ವರ್ಷದೊಳಗೆ ಸಾವು ಆದ ಮನೆಯಲ್ಲಿ ಅಪ್ಪ ಮಾಡಬಾರದು. ನೆಂಟರೋ ನೆರೆಯವರೋ ಮಾಡಿ ತಂದುಕೊಡ್ತಾರೆ. ನವೆಂಬರಿನಲ್ಲಿ ನನ್ನ ಅಮ್ಮ ತೀರಿಕೊಂಡರು. ಇಲ್ಲಿ ಕಾಲನಿಯಲ್ಲಿ ನಮ್ಮ ಕಡೆಯ ಎರಡು ಮನೆ ಇತ್ತು, ಎರಡೂ ವರ್ಗವಾಗಿ ಹೋದವು. ಈ ಸಲ ನಮ್ಮ ಮೇಜು ಖಾಲಿ ಇರುತ್ತದೆ. ಕೇಳಬೇಕು ಅಂತ ಬರೆದದ್ದಲ್ಲ, ಸಿಸ್ಟರ್ ತೆಗೆಯುತ್ತಾ ಹೋಗಬೇಕು ಅಂದದ್ದು ಓದಿ ಬರೆದೆ.

ಸದಾಶಿವಗಡದ ಮನೆ | 20 ಮಾರ್ಚ್, ರಾತ್ರಿ 10:50

ಅಕ್ಕಾ, ಉದ್ದು ಎಷ್ಟು ಅಕ್ಕಿ ಎಷ್ಟು ಅಂತ ಬರೆಯಿರಿ. ಏಪ್ರಿಲ್ 2 ಗುರುವಾರ ಸಂಜೆಯೊಳಗೆ ನಾನು ಮತ್ತು ಅತ್ತೆ ತಗೊಂಡು ಬರ್ತೇವೆ. ಕಾಳಿ ನದಿ ಹಿಡಿದು ಮೇಲೆ ಬಂದರೆ ನಿಮ್ಮ ಕಾಲನಿ, ದೂರ ಅಲ್ಲ. ನಮ್ಮಲ್ಲಿ ಈ ಪದ್ಧತಿ ಇಲ್ಲ, ಮಾಡುವಾಗ ತಪ್ಪಾದರೆ ಫೋನಿನಲ್ಲಿ ತಿದ್ದಿ.

ಕೈಗಾ ಕಾಲನಿ | 20 ಮಾರ್ಚ್, ರಾತ್ರಿ 11:30

ಒಂದು ಪಾವು ಅಕ್ಕಿ ಹಿಟ್ಟಿಗೆ ಕಾಲು ಪಾವು ಉದ್ದು. ಹಿಟ್ಟು ಹುರಿದಿರಬೇಕು. ಉಳಿದದ್ದು ನಾಳೆ ಬರೆಯುತ್ತೇನೆ, ಈಗ ಆಗುತ್ತಿಲ್ಲ.

ಅಘನಾಶಿನಿ ದಂಡೆ | 21 ಮಾರ್ಚ್, ಬೆಳಿಗ್ಗೆ 6:10

ನಾಳೆಯಿಂದ ಶಿಲುಬೆ ಮತ್ತು ಪ್ರತಿಮೆಗಳಿಗೆ ನೇರಳೆ ಬಟ್ಟೆ ಮುಚ್ಚುವ ಪದ್ಧತಿ ಇದೆ. ಶಿಲುಬೆಯ ಮುಸುಕು ಶುಭ ಶುಕ್ರವಾರ ತೆಗೆಯುತ್ತೇವೆ, ಉಳಿದದ್ದು ಈಸ್ಟರ್ ಜಾಗರಣೆ ಶುರುವಾಗುವ ಮೊದಲು. ಮನೆಯಲ್ಲೂ ಮಾಡಿ ನೋಡಿ. ದಿನಾ ಕಣ್ಣಿಗೆ ಬೀಳುತ್ತಿದ್ದದ್ದು ಕಾಣದೆ ಹೋದಾಗ ಕಣ್ಣು ಅದನ್ನು ಹುಡುಕುತ್ತದೆ.

25ಕ್ಕೆ ಮಂಗಳವಾರ್ತೆ. ಆ ದಿನ ಭತ್ತ ಬಿತ್ತಿ. ಮಣಿಕಟ್ಟಾದ ರೈತರೊಬ್ಬರು ನನಗೆ ಒಂದು ಹಿಡಿ ಕಗ್ಗ ಕೊಟ್ಟಿದ್ದಾರೆ, ಗಜನಿ ಗದ್ದೆಯ ಉಪ್ಪುನೀರಿನಲ್ಲೂ ಬದುಕುವ ಭತ್ತ. ಯಾರಿಗೆ ಬೇಕೋ ಹಂಚುತ್ತೇನೆ. ಹಿಂದಿನ ದಿನ ನೆನೆಹಾಕಿ, ಕರಟದಲ್ಲಿ ಮಣ್ಣು ತುಂಬಿ, ಮೇಲೆ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ. ಗೋದಿಕಾಳು ನೆಲಕ್ಕೆ ಬಿದ್ದು ಸಾಯಬೇಕು ಅಂತ ಸ್ವಾಮಿ ಹೇಳಿದ್ದು. ನಮಗೆ ಗೋದಿ ಗೊತ್ತಿಲ್ಲ, ಭತ್ತ ಗೊತ್ತು. ದೇವದೂತ ಮರಿಯಮ್ಮನವರ ಹತ್ತಿರ ಬಂದ ದಿನ ಬಿತ್ತಿದ್ದು ಈಸ್ಟರಿಗೆ 11 ದಿನದ ಸಸಿಯಾಗಿರುತ್ತದೆ.

ದಾಂಡೇಲಿ ಸಭೆ | 26 ಮಾರ್ಚ್, ರಾತ್ರಿ 9:00

ಸಿಸ್ಟರ್, ಮೇಜಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಕಗ್ಗ ಒಂದು ಹಿಡಿ ನನಗೂ ಬೇಕಿತ್ತು. ಬೈಬಲ್ ಪಕ್ಕದಲ್ಲಿ, ಕಿಟಕಿಯಲ್ಲಿ ಇಡ್ತೇನೆ. ತಡವಾಯಿತು ಅಂತ ಗೊತ್ತು, ಎಷ್ಟು ಬೆಳೆಯುತ್ತದೋ ಅಷ್ಟು.

ಸದಾಶಿವಗಡದ ಮನೆ | 3 ಏಪ್ರಿಲ್, ರಾತ್ರಿ 9:20

ಶುಭ ಶುಕ್ರವಾರ. ಮೇಜಿನ ಮೇಲೆ ಏನೂ ಇಲ್ಲ. ಸೀರೆಯನ್ನೂ ತೆಗೆದೆ. ಬರೀ ಮರ. ಅದರಲ್ಲಿ ಗಂಟು ಎಲ್ಲಿದೆ, ಬಿರುಕು ಎಲ್ಲಿದೆ ಅಂತ ಇವತ್ತು ಮೊದಲ ಸಲ ನೋಡಿದೆ. ಕೊನೆಯ ಮೋಂಬತ್ತಿ ಒಳಗಿನ ಕೋಣೆಯಲ್ಲಿ, ಬಾಗಿಲ ಮರೆಯಲ್ಲಿ ಉರೀತಾ ಇದೆ.

ನಿನ್ನೆ ಕೈಗಾಕ್ಕೆ ಹೋಗಿದ್ದೆವು. ಮೊದಲ ಅಪ್ಪ ಬಿರಿಯಿತು, ಎರಡನೆಯದು ಸರಿಯಾಯಿತು. ನಮ್ಮ ಅತ್ತೆಗೆ ಮಲಯಾಳ ಬರೋದಿಲ್ಲ, ಕೈಗಾದ ಅಕ್ಕನ ಮಾವನಿಗೆ ಕನ್ನಡವೂ ಇಲ್ಲ ಕೊಂಕಣಿಯೂ ಇಲ್ಲ. ಅವರು ಅಪ್ಪ ಮುರಿದು ಮೊದಲ ತುಂಡು ನಮ್ಮ ಅತ್ತೆಗೆ ಕೊಟ್ಟರು, ಆ ಕೋಣೆಯಲ್ಲಿ ಹಿರಿಯರು ಅವರೇ ಅಂತ. ಅತ್ತೆ ಎರಡೂ ಕೈ ಚಾಚಿ ತಗೊಂಡರು.

ಸದಾಶಿವಗಡದ ಮನೆ | 6 ಏಪ್ರಿಲ್, ಸಂಜೆ 6:40

ಎಲ್ಲರಿಗೂ ಪಾಸ್ಖ ಹಬ್ಬದ ಶುಭಾಶಯ.

ಶನಿವಾರ ರಾತ್ರಿ ಜಾಗರಣೆ ಮುಗಿಸಿ ಬಂದು ಮೇಜಿಗೆ ಬಿಳಿ ಪಂಚೆ ಹಾಸಿದೆವು. ಕಗ್ಗದ ಸಸಿ ಗೇಣುದ್ದ ಆಗಿವೆ. ಬೆಂಡಿನ ಕುರಿಮರಿಗೆ ಸಸಿ ಎದೆಮಟ್ಟ ಬರುತ್ತದೆ, ಹೊಲದಲ್ಲಿ ನಿಂತ ಹಾಗೆ. ಸುರಗಿ ದಂಡೆಯ ಕಾಗದ ಬಿಚ್ಚಿದಾಗ ಮನೆಯವರೆಲ್ಲ ತಿರುಗಿ ನೋಡಿದರು, ಮೂರು ವಾರ ಆದರೂ ಅದೇ ಪರಿಮಳ. ಚರ್ಚಿನ ಮೋಂಬತ್ತಿಯ ಮೇಲೆ ಶಿಲುಬೆ, ಗ್ರೀಕಿನ ಮೊದಲ ಮತ್ತು ಕೊನೆಯ ಅಕ್ಷರ, ವರ್ಷದ ನಾಲ್ಕು ಅಂಕೆ ಇರುತ್ತವಲ್ಲ. ಮಗಳಿಗೆ ಅದನ್ನು ವಿವರಿಸಿದ್ದೆ. ಶಿರಸಿಯ ಮೇಣದಲ್ಲಿ ಮಾಡಿದ ನಮ್ಮ ದಪ್ಪ ಮೋಂಬತ್ತಿಯ ಮೇಲೆ ಅವಳು ಸೂಜಿಯಿಂದ ಶಿಲುಬೆ ಗೀರಿ, ಮೇಲೆ ಅ, ಕೆಳಗೆ ಳ, ಸುತ್ತ 2, 0, 2, 6 ಬರೆದಳು. ಮೇ 24ರ ಪೆಂತೆಕೋಸ್ತ್, ಅಂದರೆ ಪವಿತ್ರಾತ್ಮರ ಹಬ್ಬದ, ತನಕ ದಿನಾ ಸಂಜೆ ಹಚ್ಚುತ್ತೇವೆ.

ಬೈತಖೋಲ ಬಂದರು | 6 ಏಪ್ರಿಲ್, ರಾತ್ರಿ 8:05

ಸಿಸ್ಟರ್, ಯೊವಾನ್ನ 21 ನಿನ್ನೆ ಓದಿದೆ, ಮನೆಯವರಿಗೆಲ್ಲ ಓದಿ ಹೇಳಿದೆ. 153 ಮೀನು ಅಂತ ಲೆಕ್ಕ ಬರೆದಿದ್ದಾರೆ. ಎಷ್ಟೋ ಜನ ಅದಕ್ಕೆ ಏನೇನೋ ಗೂಢಾರ್ಥ ಹೇಳ್ತಾರಂತೆ. ನನಗೆ ಅದು ಸಾದಾ ಲೆಕ್ಕ. ಅಪ್ಪನ ಕಾಲದಲ್ಲಿ ರಂಪಣಿ ಬಲೆ ಎಳೆಯುವಾಗ ಊರಿಗೆ ಊರೇ ದಡದಲ್ಲಿ ಹಗ್ಗ ಹಿಡಿಯುತ್ತಿತ್ತು. ಬಂಗಡೆ ಬಂದರೆ ಎಲ್ಲರ ಕಣ್ಣೆದುರು ಎಣಿಸಿ ಪಾಲು. ಎಣಿಸದೆ ಪಾಲು ಮಾಡೋಕೆ ಬರೋದಿಲ್ಲ. 1970ರ ದಶಕದ ಕೊನೆಗೆ ಸಮುದ್ರದಲ್ಲೇ ಸುತ್ತು ಬಲೆ ಹಾಕುವ ಪರ್ಸಿನ್ ದೋಣಿಗಳು ಬಂದ ಮೇಲೆ ರಂಪಣಿ ಕಡಿಮೆ ಆಯ್ತು, ದಡದ ಆ ಎಣಿಕೆಯೂ ಹೋಯ್ತು. ಬರೆದವರು ಮೀನು ಹಿಡಿಯುವವರ ನಡುವೆ ಇದ್ದವರೇ. ಅಷ್ಟು ಮೀನಿದ್ದರೂ ಬಲೆ ಹರಿಯಲಿಲ್ಲ ಅಂತಲೂ ಬರೆದಿದ್ದಾರೆ. ಹೊರಗಿನವರಿಗೆ ಆ ಮಾತು ಹೊಳೆಯೋದಿಲ್ಲ.

ಮತ್ತೆ, ಎದ್ದು ಬಂದ ಸ್ವಾಮಿ ದಡದಲ್ಲಿ ಕೆಂಡ ಮಾಡಿ ಮೀನು ಸುಟ್ಟು, ಬನ್ನಿ ಊಟ ಮಾಡಿ ಅಂದದ್ದು. ನಾನು ನಲವತ್ತೆಂಟು ವರ್ಷದಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೆನೋ, ಆ ಕೆಂಡದ ಹೊಗೆ ಮೂಗಿಗೆ ಬಂದದ್ದು ನಿನ್ನೆಯೇ.

ಬಾಯಿ, ನಾಳೆ ಬೆಳಿಗ್ಗೆ ಬಂಗಡೆ ಕಳಿಸ್ತೇನೆ. ತೆಂಗಿನ ಸಿಪ್ಪೆಯ ಕೆಂಡದಲ್ಲಿ ಸುಡಿ. ಬಲೆ ನಿಮ್ಮಲ್ಲೇ ಇರಲಿ.

ಸದಾಶಿವಗಡದ ಮನೆ | 7 ಏಪ್ರಿಲ್, ಬೆಳಿಗ್ಗೆ 11:15

ಬಂಗಡೆ ಮುಟ್ಟಿತು ಅಣ್ಣ, ಹನ್ನೆರಡು. ಕರಟದಲ್ಲಿದ್ದ ಸಾಣಿಕಟ್ಟಾ ಉಪ್ಪನ್ನೇ ಅತ್ತೆ ಅರಿಶಿನದ ಜೊತೆ ಸವರಿ ಕೆಂಡಕ್ಕೆ ಹಾಕಿದ್ದಾರೆ. ಮಗಳು ಒಂದೊಂದೇ ಎಣಿಸಿ ನೆರೆಮನೆಗಳಿಗೆ ಪಾಲು ಮಾಡ್ತಾ ಇದ್ದಾಳೆ. ಕರಟ ತೊಳೆದು ಹಿತ್ತಲ ಕಲ್ಲಿನ ಮೇಲೆ ಬಿಸಿಲಿಗಿಟ್ಟಿದ್ದೇನೆ.